ಹುಸಿ ಹುಣ್ಣಿಮೆ

ನಮ್ಮೂರಲ್ಲಿ ಹುಣ್ಣಿಮೆಯ ದಿನ ಗುಂಡು ಬೀಳುವ ತನಕ ಯಾರೂ ಊಟಕ್ಕೆ ಕೂರುವುದಿಲ್ಲ. ಅನ್ನ ಬಸಿದು, ಸಾರಿಗೆ ಒಗ್ಗರಣೆ ಹಾಕಿ, ತಟ್ಟೆ ತೊಳೆದಿಟ್ಟು ಕಾಯುತ್ತೇವೆ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಎದುರು ಗುಡ್ಡದಲ್ಲಿ ತೋಪು ಗುಡುಗುತ್ತದೆ. ಗುಡ್ಡದ ಮೇಲೆ ತೋಪೂ ಇಲ್ಲ, ದಂಡೂ ಇಲ್ಲ. ಅಲ್ಲಿ ಮೇಯುವ ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯುತ್ತವೆ, ಅಷ್ಟೇ. ಬಾಯಲ್ಲಿಟ್ಟ ತುತ್ತು ನುಂಗುವಷ್ಟು ಹೊತ್ತಿನ ಮೇಲೆ ಊರೊಳಗೆ ಎಲ್ಲೋ ಒಂದು ಕಡೆ ಗುಂಡು ಬೀಳುತ್ತದೆ. ಸದ್ಯ, ಈ ತಿಂಗಳದ್ದು ಮುಗಿಯಿತು ಎಂದುಕೊಂಡು ಉಣ್ಣುತ್ತೇವೆ. ಯಾವ ಮುತ್ತಜ್ಜನ ಕಾಲದಲ್ಲೋ ನಡೆದ ಮುತ್ತಿಗೆ. ಆಗ ಹಾರಿಸಿದ ಗುಂಡುಗಳು ಈಗ ಮತ್ತೆ ಬೀಳುತ್ತಿವೆ, ತಿಂಗಳಿಗೆ ಒಂದರಂತೆ, ಹಾರಿಸಿದ ಸರದಿಯಲ್ಲೇ. ಹೊರಗಿನವರಿಗೆ ಹೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ. ನಮಗೆ ಕರೆಂಟು ಹೋಗಿ ಬಂದಷ್ಟೇ ಅದು.

ಗುಂಡು ಎಲ್ಲಿ ಬೀಳುತ್ತದೆಂದು ಮೊದಲೇ ಹೇಳುವುದು ನಮ್ಮ ಕದನ ಕೂಟದ ಕೆಲಸ. ಬೇರೆ ಊರುಗಳಲ್ಲಿ ಭಜನಾ ಮಂಡಳಿ ಇರುತ್ತದಲ್ಲ, ಹಾಗೆ ನಮ್ಮಲ್ಲಿ ಇದು. ಹಳೇ ಗಾಣದ ಗೋದಾಮಿನಲ್ಲಿ ಭಾನುವಾರ ಸೇರುತ್ತೇವೆ. ಎಲ್ಲ ರಿಟೈರಾದವರು, ಗಂಡಸರೇ ಹೆಚ್ಚು. ಉಪ್ಪಿಟ್ಟು ತಿನ್ನುತ್ತಾ ಮದ್ದು ಎಷ್ಟು ತುಂಬಿದರೆ ಗುಂಡು ಎಷ್ಟು ದೂರ ಹೋಗುತ್ತದೆ ಎಂದು ಕಚ್ಚಾಡುತ್ತಾರೆ. ಮನೆಯಲ್ಲಿ ಜಿರಲೆ ಕಂಡರೆ ಹೆಂಡತಿಯನ್ನು ಕೂಗುವವರು ಅಲ್ಲಿ ಬಂದು ಕುದುರೆ ದಳವನ್ನು ಎಡಕ್ಕೆ ತಿರುಗಿಸುತ್ತಾರೆ. ಯುದ್ಧವೆಂದರೆ ಅವರಿಗೆಲ್ಲ ಒಳಗೊಳಗೇ ಒಂದು ಚಪಲ. ನನಗೂ ಇಲ್ಲವೆಂದರೆ ಸುಳ್ಳಾಗುತ್ತದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಕುರ್ಚಿಯಲ್ಲಿ ಹೋಗಿ ಕೂತೆ. ಸ್ಕೂಲಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದವಳು, ಹಾಗಾಗಿ ಕೋಟೆಯ ಚಿತ್ರ ಬರೆಯುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು.

ನಮಗೆ ಆಧಾರವೆಂದರೆ ಮುತ್ತಿಗೆಯ ಲಾವಣಿ. ಒಂದೊಂದು ಗುಂಡಿಗೂ ಅದರಲ್ಲಿ ಒಂದೊಂದು ನುಡಿ. ಹೂವಾಡಿಗರ ಓಣಿಯಲ್ಲಿ ಬಿತ್ತು, ಬಾಣಂತಿ ಸತ್ತಳು ಎಂದಿದ್ದರೆ ಆ ಓಣಿ ಈಗ ಯಾವ ಬೀದಿಯ ಯಾವ ಮನೆ ಎಂದು ಹಗ್ಗ ಹಿಡಿದು ಅಳೆದು ಹೇಳುತ್ತೇವೆ. ಆ ಹುಣ್ಣಿಮೆಯ ಬೆಳಿಗ್ಗೆ ನಮ್ಮ ಅಧ್ಯಕ್ಷರು, ಪ್ರೆಸ್ಸಿನ ಹಾಲೇಶಪ್ಪನವರು, ಆ ಬೀದಿಗೆ ಹೋಗಿ ಕಹಳೆ ಊದುತ್ತಾರೆ. ಕಹಳೆ ಕೇಳಿದರೆ ಯಾರೂ ಯಾಕೆ ಏನು ಎಂದು ಕೇಳುವುದಿಲ್ಲ. ಒಲೆ ಆರಿಸಿ ಎದ್ದು ಹೋಗುತ್ತಾರೆ. ಎಲ್ಲರೂ ಹೋದ ಮೇಲೆ ಅಧ್ಯಕ್ಷರು ಮನೆ ಮನೆ ಹೊಕ್ಕು, ಹಾಸಿಗೆ ಹಾಸಿಗೆ ಕೈಯಿಂದ ತಡವಿ ನೋಡಿ, ಕೊನೆಯಲ್ಲಿ ಹೊರಬೀಳಬೇಕು. ಹೊದಿಕೆಯೊಳಗೆ ಮಲಗಿದ್ದ ಮುದುಕಿಯೊಬ್ಬಳನ್ನು ಯಾವುದೋ ಕಾಲದಲ್ಲಿ ಬಿಟ್ಟು ಬಂದಿದ್ದರಂತೆ, ಅಂದಿನಿಂದ ಈ ಪದ್ಧತಿ. ಬಿದ್ದ ಗುಂಡನ್ನು ಅರಿಶಿನದ ನೀರಲ್ಲಿ ತೊಳೆದು ತಂದು ಗೋದಾಮಿನ ಹಲಗೆಯ ಮೇಲೆ ಸಾಲಾಗಿ ಇಡುತ್ತೇವೆ.

ಆ ಸಾಲಿನಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿವೆ. ಅವು ಹುಸಿ ಹುಣ್ಣಿಮೆಯವು. ಲಾವಣಿಯಲ್ಲಿ ಕೆಲವು ನುಡಿಗಳು ಬೇರೆ ಥರ. ‘ತೋಪು ಗುಡುಗಿತು, ಕೆರೆಯ ಕೊಕ್ಕರೆ ಎದ್ದಿತು, ಕೋಟೆಗೇನೂ ಆಗಲಿಲ್ಲ’ ಎಂದು ಮುಗಿದು ಹೋಗುತ್ತವೆ. ಆ ದಿನ ತೋಪಿನ ಸದ್ದು ಕೇಳುತ್ತದೆ, ಗುಂಡು ಎಲ್ಲೂ ಬೀಳುವುದಿಲ್ಲ. ಬರೀ ಮದ್ದು ಸುಟ್ಟಿದ್ದಾರೆ, ಗುಂಡು ಹಾಕಿಲ್ಲ ಎಂದು ಕೂಟದ ಹಿರಿಯರು ಯಾವಾಗಲೋ ತೀರ್ಮಾನಿಸಿದ್ದರು. ಅಂಥ ಹುಣ್ಣಿಮೆ ಬರುವುದೇ ಅಪರೂಪ. ಬಂದರೆ ಊರಿಗೆ ಊರೇ ಹಬ್ಬ. ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲ ಆ ದಿನಕ್ಕೇ ಕಾದಿರುತ್ತವೆ. ಚಪ್ಪರದಲ್ಲಿ ಕೂತ ಹೆಂಗಸರು ಆ ನುಡಿಯನ್ನು ಸೋಬಾನೆಯ ಹಾಗೆ ಹಾಡುತ್ತಾರೆ. ನಾನೂ ಹಾಡಿದ್ದೇನೆ, ರಾಗವಾಗಿ.

ಈಗ ಕೆರೆಯ ವಿಷಯ. ಕೆರೆ ಬತ್ತಿತು, ಹೂಳು ತುಂಬಿತು, ಸೈಟು ಮಾಡಿದರು. ಲಾವಣಿಯಲ್ಲಿ ಅಲ್ಲಿ ಗುಂಡು ಬಿದ್ದ ಒಂದು ನುಡಿಯೂ ಇಲ್ಲವಲ್ಲ! ಜನ ಮುಗಿಬಿದ್ದರು. ನನ್ನ ಮಗಳು ವಿಶಾಲು, ಅಳಿಯ ಕರಿಬಸವ ಅಲ್ಲೇ ತಾರಸಿ ಮನೆ ಕಟ್ಟಿಸಿದರು. ಆ ಪುಣ್ಯಾತ್ಮನನ್ನು ಸೈಟಿಗಾಗಿ ಅಲೆದಾಡಿಸಿದವಳೇ ನಾನು. ಹೆರಿಗೆ ತವರಲ್ಲಾಗಬೇಕು, ನಿಜ. ಆದರೆ ನಮ್ಮ ಬೀದಿ ಲಾವಣಿಯಲ್ಲಿದೆ. ಅದಕ್ಕೇ ನಾನೇ ಹಾಸಿಗೆ ಸುತ್ತಿಕೊಂಡು ಕೆರೆ ಬಡಾವಣೆಗೆ ಹೋಗಿ ಬಾಣಂತನ ಮಾಡಿದೆ. ಹೆಣ್ಣು ಕೂಸು. ತಲೆ ತುಂಬ ಕೂದಲು, ಅಜ್ಜನ ಮೂಗು. ಎಷ್ಟೋ ವರ್ಷದ ಮೇಲೆ ನನ್ನ ಎದೆ ತಣ್ಣಗಾಗಿತ್ತು. ನಾಮಕರಣವನ್ನು ಮುಂಬರುವ ಹುಸಿ ಹುಣ್ಣಿಮೆಗೆ ಇಟ್ಟುಕೊಂಡರು. ಬಡಾವಣೆ ಆದಮೇಲೆ ಬಂದ ಮೊದಲ ಹುಸಿ ಹುಣ್ಣಿಮೆ ಅದು. ಪಕ್ಕದ ಓಣಿಯಲ್ಲಿ ಎರಡು ಮದುವೆ ಬೇರೆ ಇದ್ದವು.

ಹಿಂದಿನ ದಿನ ಮಧ್ಯಾಹ್ನ ನಾನು ಹಿತ್ತಲಿಗೆ ಹೋದಾಗ ಬೀಗಿತ್ತಿ ಹೊನ್ನಮ್ಮ ತೊಟ್ಟಿಲಿಗೆ ಹಾಕುವ ಗುಂಡಪ್ಪನಿಗೆ ನೀರು ಹಾಕುತ್ತಿದ್ದರು. ನಿಮಗೆ ಗೊತ್ತಿರುವುದೇ, ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲನ್ನು ಮಲಗಿಸಿ ತೂಗುತ್ತಾರೆ. ಹೊನ್ನಮ್ಮ ಅದಕ್ಕೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಕಾಡಿಗೆಯಲ್ಲಿ ಕಣ್ಣು ತಿದ್ದಿ, ಕುಲಾವಿ ಕಟ್ಟುತ್ತಿದ್ದರು. ಕಲ್ಲು ಇಷ್ಟು ಕಪ್ಪಗಿದೆಯಲ್ಲ ಎಂದು ಕೈಗೆ ತೆಗೆದುಕೊಂಡೆ. ಕಲ್ಲಲ್ಲ, ಕಬ್ಬಿಣ. ನಡುವಿನಲ್ಲಿ ಸುತ್ತಲೂ ಒಂದು ಏಣು, ಎರಡು ಅಚ್ಚು ಜೋಡಿಸಿ ಎರಕ ಹೊಯ್ದ ಗುರುತು. ಗೋದಾಮಿನ ಹಲಗೆಯ ಮೇಲೆ ನಾನು ಪ್ರತಿ ಭಾನುವಾರ ಧೂಳು ಒರೆಸುವಾಗ ಬೆರಳಿಗೆ ಸಿಗುವ ಅದೇ ಏಣು.

ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಕರಿಬಸವ ಒಳಗಿನಿಂದಲೇ ಹೇಳಿದ, ಸಂಪು ತೋಡುವಾಗ ಹೂಳಿನಲ್ಲಿ ಸಿಕ್ಕಿತಂತೆ. ಕೆರೆ ತೂಬಿಗೆ ಕಟ್ಟುವ ತೂಕದ ಗುಂಡಿರಬೇಕು ಅಂದುಕೊಂಡನಂತೆ. ಪಕ್ಕದ ಮನೆಯವರಿಗೂ ಒಂದು ಸಿಕ್ಕಿತ್ತಂತೆ, ಉಪ್ಪಿನಕಾಯಿ ಜಾಡಿಯ ಮೇಲೆ ಹೇರಿದ್ದಾರಂತೆ. ಲಾವಣಿಯಲ್ಲಿಲ್ಲದ ಜಾಗದಲ್ಲಿ ಸಿಕ್ಕಿದ್ದನ್ನು ಕೂಟಕ್ಕೆ ಯಾಕೆ ಹೇಳಬೇಕು ಎಂದು ಅವರು ಸುಮ್ಮನಿದ್ದರು. ತಪ್ಪು ಅವರದ್ದಲ್ಲ. ಹಾಗೆ ಹೇಳಿಕೊಟ್ಟವರು ನಾವೇ.

ಗುಂಡನ್ನು ಅಕ್ಕಿ ಚೀಲದಲ್ಲಿ ಹಾಕಿಕೊಂಡು ಗೋದಾಮಿಗೆ ಓಡಿದೆ. ಹಾಲೇಶಪ್ಪನವರು ಒಬ್ಬರೇ ಕೂತು ಕಹಳೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಮೀಸೆಯ ಮನುಷ್ಯ, ಮೊಣಕಾಲು ನೋವು, ಮಾತು ಕಮ್ಮಿ. ಗುಂಡನ್ನು ನೋಡಿದರು, ತಿರುಗಿಸಿ ನೋಡಿದರು, ತಕ್ಕಡಿಯಲ್ಲಿಟ್ಟು ಹಲಗೆಯ ಮೇಲಿನ ಇನ್ನೊಂದರ ಜೊತೆ ತೂಗಿದರು. ಮುಳ್ಳು ನಡುವೆ ನಿಂತಿತು. ಯಾರೋ ಇಲ್ಲಿಂದ ಕದ್ದು ಎಸೆದಿರಬೇಕು ಅಂದರು. ಕದ್ದಿದ್ದರೆ ಹಲಗೆಯಲ್ಲಿ ಬೇರೆ ಜಾಗ ಖಾಲಿ ಕಾಣಬೇಕಲ್ಲ, ಖಾಲಿ ಇರುವುದು ಹುಸಿ ಹುಣ್ಣಿಮೆಯ ಜಾಗಗಳು ಮಾತ್ರ ಅಂದೆ. ಅವರು ಆ ಖಾಲಿ ಜಾಗಗಳನ್ನೇ ನೋಡುತ್ತಾ ಕೂತರು.

ನಾನು ಬಿಡಿಸಿ ಹೇಳಿದೆ. ತೋಪಿಗೆ ಗುಂಡು ಹಾಕದೆ ಸುಡುವುದಕ್ಕೆ ದಂಡಿನವರಿಗೇನು ಹುಚ್ಚೇ? ಗುರಿ ತಪ್ಪಿದ ಗುಂಡುಗಳೆಲ್ಲ ಕೆರೆಗೆ ಬಿದ್ದವು. ಕೋಟೆಯವರಿಗೆ ಏನೂ ಆಗಲಿಲ್ಲ, ಹಾಡು ಕಟ್ಟಿದವನು ಏನೂ ಆಗಲಿಲ್ಲ ಎಂದ. ಆಮೇಲೆ ನಮ್ಮ ಕಾಲಕ್ಕೂ ಅವು ಕೆರೆಗೇ ಬಿದ್ದವು, ನೀರಿತ್ತು, ಯಾರಿಗೂ ಕಾಣಲಿಲ್ಲ. ಈಗ ನೀರಿಲ್ಲ. ನಾಳೆ ಅಲ್ಲಿ ನನ್ನ ಮೊಮ್ಮಗಳ ತೊಟ್ಟಿಲು ತೂಗುತ್ತಾರೆ. ಬೆಳಿಗ್ಗೆ ಬಂದು ಕಹಳೆ ಊದಿ, ನಿಮ್ಮ ಕಾಲು ಹಿಡಿಯುತ್ತೇನೆ ಎಂದೆ. ನಿಜವಾಗಿಯೂ ಬಗ್ಗಿದೆ.

ಅವರು ನನ್ನ ಕೈ ಹಿಡಿದು ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿದರು.

“ಚೂಡಮ್ಮ, ನಾನು ಊದಿದ್ರೆ ಜನ ಯಾಕೆ ಏಳ್ತಾರೆ ಹೇಳಿ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ಲ, ಅದಕ್ಕೆ. ನಾಳೆ ಊದಿ, ಏನೂ ಬೀಳದೆ ಹೋದ್ರೆ? ಬರೋ ಹುಣ್ಣಿಮೆ ನೇಕಾರ ಬೀದೀದು. ಅರ್ಧ ಜನ ನಕ್ಕೊಂಡು ಒಳಗೇ ಕೂತಿರ್ತಾರೆ. ಆ ಸಾವು ಯಾರ ತಲೆಗೆ?”

“ಬಿದ್ರೆ?” ಅಂದೆ.

ಅವರು ಕಹಳೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಅವರ ಮುಖಕ್ಕೆ ಉಗಿಯುವಷ್ಟು ಸಿಟ್ಟು ಬಂತು. ಆದರೆ ನೇಕಾರ ಬೀದಿಯ ಮಾತು ಸುಳ್ಳಲ್ಲ. ಗುಂಡನ್ನು ಮತ್ತೆ ಚೀಲದಲ್ಲಿ ಹಾಕಿಕೊಂಡು ಹೊರಟೆ. ಬಾಗಿಲು ದಾಟುವಾಗ ಹಿಂದೆ ಅವರು ಮೆಲ್ಲಗೆ ಲಾವಣಿ ಶುರು ಮಾಡಿದ್ದು ಕೇಳಿಸಿತು, ಮೊದಲ ನುಡಿಯಿಂದ.

ರಾತ್ರಿ ಹೇಗೆ ಕಳೆಯಿತೋ ನನ್ನ ದೇವರಿಗೇ ಗೊತ್ತು. ಬೆಳಿಗ್ಗೆ ವಿಶಾಲೂನ ಮೂಲೆಗೆ ಕರೆದು, ಗುಂಡಿನ ವಿಷಯ ಹೇಳಿ, ಮಗೂನ ಕರಕೊಂಡು ಕೆರೆ ಏರಿಯ ಮೇಲಿನ ಗುಡಿಗೆ ಹೋಗೋಣ, ಊಟದ ಹೊತ್ತಿಗೆ ಬಂದು ಶಾಸ್ತ್ರ ಮಾಡೋಣ ಎಂದು ಗೋಗರೆದೆ. ಅವಳು ನನ್ನನ್ನೇ ನೋಡಿದಳು. ಬೀಗರ ಕಡೆಯವರೆಲ್ಲ ಬಂದು ಕೂತಿದ್ದಾರೆ, ಈಗ ಎದ್ದು ಹೋಗು ಅಂತೀಯಲ್ಲ ಅಂದಳು. ಆ ಮುದುಕರ ಜೊತೆ ಸೇರಿ ನಿನಗೂ ಯುದ್ಧದ ಗೀಳು ಹತ್ತಿದೆ ಅಂದಳು. ಹೊನ್ನಮ್ಮನ ಕಿವಿಗೆ ಬಿತ್ತು. ತೊಟ್ಟಿಲ ಮುಂದೆ ಅಪಶಕುನ ಆಡಬಾರದು ಬೀಗಿತ್ತಿ ಎಂದು ಮೂಗು ಮುರಿದು, ನನ್ನ ಕೈಯಿಂದ ಚೀಲ ಕಿತ್ತುಕೊಂಡು ಗುಂಡಪ್ಪನನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದರು. ಕಾಡಿಗೆಯ ಕಣ್ಣು ನನ್ನ ಕಡೆಗೇ ನೋಡುತ್ತಿತ್ತು.

ಸರಿ, ಕೂಸನ್ನು ನನ್ನ ಮಡಿಲಿಂದ ಕೆಳಗೇ ಇಳಿಸುವುದಿಲ್ಲ, ಬಿದ್ದರೆ ನನ್ನ ಮೇಲೇ ಬೀಳಲಿ ಎಂದು ಗಟ್ಟಿ ಮಾಡಿಕೊಂಡೆ. ಅದಕ್ಕೂ ಬಿಡಬೇಕಲ್ಲ! ಕೂಸಿಗೆ ನೀರು ಹಾಕಬೇಕು ಎಂದು ಹೊನ್ನಮ್ಮನ ತಂಗಿ ಎತ್ತಿಕೊಂಡು ಹೋದರು. ಚಪ್ಪರದಲ್ಲಿ ಹೆಂಗಸರು ಹಾಡು ತೆಗೆದರು. ತೋಪು ಗುಡುಗಿತು, ಕೆರೆಯ ಕೊಕ್ಕರೆ ಎದ್ದಿತು. ನೆರಳು ಕಾಲ ಬುಡಕ್ಕೆ ಬರುತ್ತಿತ್ತು. ಕರಿಬಸವ ಅಡುಗೆಯವರ ಪಾತ್ರೆ ಬಂದಿಲ್ಲವೆಂದು ಏರಿಯ ಆಚೆ ಕೊನೆಗೆ ಹೋಗಿದ್ದ. ಇದ್ದಿದ್ದರೆ ಅವನ ಕಾಲಾದರೂ ಹಿಡಿಯುತ್ತಿದ್ದೆ.

ಆಗ ಬಡಾವಣೆಯ ಬಾಯಲ್ಲಿ ಕಹಳೆ ಕೇಳಿಸಿತು.

ಹಾಡು ನಿಲ್ಲಲಿಲ್ಲ. ಮದುವೆಯ ವಾಲಗದವರು ಯಾರೋ ತಮಾಷೆಗೆ ಊದುತ್ತಿದ್ದಾರೆ ಎಂದು ಒಬ್ಬಳು ನಕ್ಕಳು. ಹುಸಿ ಹುಣ್ಣಿಮೆಯಲ್ಲಿ ಕಹಳೆ ಊದಿದ್ದು ಯಾರ ಜನ್ಮದಲ್ಲೂ ಇಲ್ಲ. ಆದರೆ ಕಹಳೆ ಹತ್ತಿರ ಬಂತು. ಓಣಿಯ ತಿರುವಿನಲ್ಲಿ ಹಾಲೇಶಪ್ಪನವರು ಕಂಡರು. ಒಬ್ಬರೇ. ಕಾಲು ಎಳೆಯುತ್ತಾ, ಕೆನ್ನೆ ಉಬ್ಬಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಊದುತ್ತಿದ್ದರು. ನಗುತ್ತಿದ್ದವಳ ಬಾಯಿ ಹಾಗೇ ನಿಂತಿತು. ಮದುವೆಯ ಗಂಡು ಬಾಸಿಂಗ ಕಟ್ಟಿಕೊಂಡೇ ಎದ್ದ. ಒಲೆಗಳಿಗೆ ನೀರು ಬಿತ್ತು. ನಮ್ಮೂರ ಜನದ ಮೈಯಲ್ಲೇ ಇರುವ ಕಲಿಕೆ ಅದು, ಒಮ್ಮೆ ಎದ್ದರೆ ಯಾರೂ ತಿರುಗಿ ನೋಡುವುದಿಲ್ಲ.

ಬಾಣಂತಿ ವಿಶಾಲೂನ ರಟ್ಟೆ ಹಿಡಿದು ನಾನು ಎಳೆದೆ. ಮಗು ಎಂದು ಅವಳು ತಿರುಗಿದಾಗ ಹೊನ್ನಮ್ಮ ತೊಟ್ಟಿಲಿಂದ ಬಟ್ಟೆಯ ಗಂಟನ್ನು ಬಾಚಿ ಎದೆಗವಚಿಕೊಂಡು ಓಡುತ್ತಿದ್ದುದು ಕಂಡಿತು. ಅತ್ತೆ ತಗೊಂಡ್ರು, ನಡಿ ಅಂದಳು. ನಾನೂ ನೋಡಿದೆ, ಮೀಯಿಸಿ ತಂದು ತೊಟ್ಟಿಲಿಗೆ ಹಾಕಿದ್ದಾರೆಂದು ನಾನೂ ನಂಬಿದೆ. ಜೀವ ಕೈಯಲ್ಲಿ ಹಿಡಿದುಕೊಂಡು ಏರಿ ಹತ್ತಿದೆವು. ಊರಿನ ಅರ್ಧ ಜನ ಅಲ್ಲಿ ನಿಂತಿದ್ದರು. ಹೊನ್ನಮ್ಮ ಏದುಸಿರು ಬಿಡುತ್ತಾ ಕೂತು, ಕೂಸಿಗೆ ಗಾಳಿ ಆಡಲಿ ಎಂದು ಬಟ್ಟೆ ಸರಿಸಿದರು. ಕುಲಾವಿಯ ಕೆಳಗೆ ಕಾಡಿಗೆಯ ಕಣ್ಣು, ಕರಿ ಕಬ್ಬಿಣ.

ಹೊನ್ನಮ್ಮನ ತಂಗಿ, ಮಿಂದ ಮೇಲೆ ನಿದ್ದೆ ಬಂತು, ಒಳಕೋಣೆಯಲ್ಲಿ ಮಲಗಿಸಿದ್ದೆ, ನೀವು ಎತ್ತಿಕೊಂಡಿರಿ ಅಂದುಕೊಂಡೆ ಎಂದು ತೊದಲಿದರು. ವಿಶಾಲು ಕಿರುಚಲೂ ಇಲ್ಲ. ಏರಿಯಿಂದ ಕೆಳಗೆ ಜಿಗಿಯಹೋದಳು, ನಾಲ್ಕು ಜನ ಹಿಡಿದುಕೊಂಡರು. ನನ್ನನ್ನು ಹಿಡಿಯಲು ಯಾರೂ ಇರಲಿಲ್ಲ. ಸೀರೆ ಎತ್ತಿ ಕಟ್ಟಿಕೊಂಡು ಇಳಿದೆ. ಇಳಿಜಾರಿನಲ್ಲಿ ಕಾಲು ಜಾರಿ ಕುಂಡೆಯ ಮೇಲೆ ಬಿದ್ದೆ. ಕೆಳಗೆ ಓಣಿಗಳಲ್ಲಿ ಕಹಳೆ ಇನ್ನೂ ಕೇಳಿಸುತ್ತಿತ್ತು, ಒಂದು ಬಾಗಿಲು, ಇನ್ನೊಂದು ಬಾಗಿಲು.

“ಹಾಲೇಶಣ್ಣಾ, ಮಗು! ಒಳಗೆ ಮಗು!”

ಕೇಳಿಸಲಿಲ್ಲ. ಕಹಳೆ ಊದುವವನಿಗೆ ಕಹಳೆಯಲ್ಲದೆ ಬೇರೇನು ಕೇಳಿಸುತ್ತದೆ? ನನ್ನ ಗಂಟಲು ಹರಿದುಹೋಗುವಂತೆ ಕೂಗಿದೆ. ಕಹಳೆ ಇದ್ದಕ್ಕಿದ್ದಂತೆ ನಿಂತಿತು. ಹೊರಟು ಹೋದರು, ಮುಗಿಯಿತು, ನನ್ನ ಕೂಸು ಹೋಯಿತು ಅಂದುಕೊಂಡೆ.

ಎದುರು ಗುಡ್ಡದಲ್ಲಿ ತೋಪು ಗುಡುಗಿತು.

ಕೆರೆ ಹೋದರೂ ಕೊಕ್ಕರೆಗಳು ಹೋಗಿರಲಿಲ್ಲ. ಅವು ಎಲ್ಲೆಲ್ಲೂ ಕೂತಿದ್ದವು, ಕರೆಂಟು ತಂತಿಯ ಮೇಲೆ, ನೀರಿನ ಟ್ಯಾಂಕುಗಳ ಮೇಲೆ. ಸದ್ದಿಗೆ ತಂತಿಯ ಮೇಲಿನವು ಕದಲಲಿಲ್ಲ. ಒಂದೇ ಒಂದು ತಾರಸಿಯಿಂದ ಇಡೀ ಗುಂಪು ಒಟ್ಟಿಗೆ ಎದ್ದಿತು, ಬೆಳ್ಳಗೆ, ಚೆದುರಿದ ಮಂಡಕ್ಕಿಯ ಹಾಗೆ. ಆ ತಾರಸಿಯ ಮೇಲೆ ವಿಶಾಲು ಒಣಹಾಕಿದ್ದ ಕೂಸಿನ ಬಟ್ಟೆಗಳಿದ್ದವು. ತುತ್ತು ನುಂಗುವಷ್ಟು ಹೊತ್ತು. ಆಮೇಲೆ ಮನೆಯ ನಡು ಒಳಕ್ಕೆ ಕುಸಿಯಿತು. ಚಪ್ಪರ ಎದ್ದು ಬಿತ್ತು. ಧೂಳು ಏರಿಯ ಎತ್ತರಕ್ಕೆ ಬಂತು. ಮೇಲೆ ವಿಶಾಲೂನ ಕೂಗು ಈಗ ಕೇಳಿಸಿತು, ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಧೂಳಿನಲ್ಲಿ ತೆವಳುತ್ತಾ ಹೋದೆ. ಯಾವ ಓಣಿ, ಯಾವ ಬಾಗಿಲು, ಒಂದೂ ತಿಳಿಯಲಿಲ್ಲ. ಹೆಸರಿಟ್ಟು ಕೂಗೋಣವೆಂದರೆ ಕೂಸಿಗೆ ಹೆಸರೇ ಇಟ್ಟಿರಲಿಲ್ಲ. ಪುಟ್ಟೀ, ಪುಟ್ಟೀ ಎಂದು ಕೂಗಿದೆ. ಮನೆಯ ಹಿಂದಿನ ಓಣಿಯಿಂದ ಕೆಮ್ಮು ಕೇಳಿಸಿತು, ಅದರ ಹಿಂದೆಯೇ ಹಸಿದ ಕೂಸಿನ ಸಿಟ್ಟಿನ ಅಳು. ಹಾಲೇಶಪ್ಪನವರು ಗೋಡೆ ಹಿಡಿದುಕೊಂಡು ಬರುತ್ತಿದ್ದರು. ಮೈಯೆಲ್ಲ ಬೂದಿ ಬಳಿದ ಹಾಗೆ, ಕಿವಿಯಿಂದ ರಕ್ತ. ಹೆಗಲ ವಸ್ತ್ರದಲ್ಲಿ ಸುತ್ತಿದ ಕೂಸು ಎದೆಗಂಟಿಕೊಂಡಿತ್ತು. ಕೈಯಲ್ಲಿ ಕಹಳೆ ಇರಲಿಲ್ಲ. ಒಳಕೋಣೆಯ ಹಾಸಿಗೆ ತಡವುವಾಗ ಬೆಚ್ಚಗೆ ಕೈಗೆ ಸಿಕ್ಕಿತಂತೆ. ಎರಡೂ ಕೈ ಬೇಕಾಯಿತು, ಕಹಳೆಯನ್ನು ಅಲ್ಲೇ ಬಿಟ್ಟು ಹಿತ್ತಲ ಬಾಗಿಲಿಂದ ಓಡಿದರಂತೆ.

ಕೂಸನ್ನು ನನ್ನ ಕೈಗೆ ಕೊಟ್ಟು ಅಲ್ಲೇ ಕೂತುಬಿಟ್ಟರು.

“ರಾತ್ರಿಯೆಲ್ಲ ಹಾಡ್ದೆ ಚೂಡಮ್ಮ. ಬೇರೆ ಯಾವ ನುಡೀಲೂ ಕೊಕ್ಕರೆ ಇಲ್ಲ. ಹುಸೀ ಅಂದ್ಕೊಂಡಿದ್ವಲ್ಲ, ಅವುಗಳಲ್ಲಿ ಮಾತ್ರ. ನಾವು ಅದನ್ನ ಅಲಂಕಾರ ಅಂದ್ಕೊಂಡ್ವಿ. ಕೊಕ್ಕರೆ ಸುಮ್ನೆ ಏಳಲ್ಲ ಕಣಮ್ಮ.”

ನಾನು ಕೂಸಿನ ಕಾಲು, ಕೈ, ನೆತ್ತಿ, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅದು ಬಾಯಿ ತೆರೆದು ಅಳುತ್ತಲೇ ಇತ್ತು. ಅಳಲಿ, ಊರೆಲ್ಲ ಕೇಳುವ ಹಾಗೆ ಅಳಲಿ ಅನ್ನಿಸಿತು. ಏರಿಯ ಕಡೆಯಿಂದ ಕರಿಬಸವ ಓಡಿ ಬರುತ್ತಿದ್ದ, ಅವನ ಹಿಂದೆ ತಡೆದವರನ್ನೆಲ್ಲ ಕೊಡವಿಕೊಂಡು ವಿಶಾಲು.

ಈಗ ಅವರು ನಮ್ಮ ಹಳೇ ಬೀದಿಯ ಮನೆಯಲ್ಲೇ ಇದ್ದಾರೆ. ಲಾವಣಿಯಲ್ಲಿರುವ ಬೀದಿ, ಯಾವ ಹುಣ್ಣಿಮೆ ಎಂದಾದರೂ ಗೊತ್ತು. ಕೊಕ್ಕರೆಯ ನುಡಿಗಳು ಇನ್ನೂ ಬಾಕಿ ಇವೆ. ಅವು ಕೆರೆಯ ಯಾವ ಮೂಲೆಗೆ ಬಿದ್ದವೆಂದು ಹಾಡು ಕಟ್ಟಿದವನು ಹೇಳಿಲ್ಲ, ನೀರಿನ ಮೇಲೆ ಗುರುತು ಎಲ್ಲಿ ಉಳಿಯುತ್ತದೆ? ಆ ಹುಣ್ಣಿಮೆಗಳಲ್ಲಿ ಬಡಾವಣೆ ಪೂರ್ತಿ ಏರಿ ಹತ್ತುತ್ತದೆ. ಹಾಲೇಶಪ್ಪನವರಿಗೆ ಒಂದು ಕಿವಿ ಹೋಯಿತು. ಹೊಸ ಕಹಳೆ ಮಾಡಿಸಿದ್ದಾರೆ. ಊರಲ್ಲಿ ಈಗ ತೊಟ್ಟಿಲಿಗೆ ಯಾರೂ ಗುಂಡಪ್ಪನನ್ನು ಹಾಕುವುದಿಲ್ಲ.

ಪುಟ್ಟಿ ನಡೆಯುತ್ತಾಳೆ, ನಾಲ್ಕು ಮಾತು ಆಡುತ್ತಾಳೆ. ಸಂಜೆ ಏರಿಯ ಮೇಲೆ ತಿರುಗಾಡಿಸಲು ಕರೆದುಕೊಂಡು ಹೋದರೆ ಅವಳ ಕಣ್ಣೆಲ್ಲ ಹಕ್ಕಿಗಳ ಮೇಲೆ. ಎಲ್ಲೋ ಒಂದು ನಾಯಿ ಬೊಗಳುತ್ತದೆ, ಗದ್ದೆಯಿಂದ ಕೊಕ್ಕರೆಗಳು ಏಳುತ್ತವೆ. ಹಾರ್ತು ಅಜ್ಜೀ ಎಂದು ಅವಳು ಚಪ್ಪಾಳೆ ತಟ್ಟುತ್ತಾಳೆ. ಆ ದಿನ ಹುಣ್ಣಿಮೆಯಲ್ಲ ಎಂದು ನನಗೆ ಗೊತ್ತಿರುತ್ತದೆ, ಹೊತ್ತು ಮುಳುಗುತ್ತಿರುವುದೂ ಕಾಣುತ್ತಿರುತ್ತದೆ. ಆದರೂ ಅವಳನ್ನು ಎತ್ತಿಕೊಂಡು ಓಡುತ್ತೇನೆ.